ಉಡುಪಿ ಮಲ್ಲಿಗೆಯ ಪರಿಮಳವನ್ನು ಹಸಿರು ಚಹಾಕ್ಕೆ ಹಿಡಿಸಿದ ಕೆಲಸದ ವಿವರ

ಚಹಾಪುಡಿಯ ಡಬ್ಬಿಯನ್ನು ಇಂಗಿನ ಡಬ್ಬಿಯ ಪಕ್ಕದಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಚಹಾ ಇಂಗಿನಂತೆ ನಾರುತ್ತದೆ ಎಂಬುದು ಅಡುಗೆಮನೆ ನಡೆಸುವವರಿಗೆಲ್ಲ ಗೊತ್ತಿರುವ ಸಂಗತಿ. ಒಣಗಿದ ಚಹಾ ಎಲೆ ಗಾಳಿಯಲ್ಲಿರುವ ತೇವವನ್ನೂ ಅದರೊಂದಿಗೆ ವಾಸನೆಯನ್ನೂ ಸುಲಭವಾಗಿ ಎಳೆದುಕೊಳ್ಳುತ್ತದೆ. ಚೀನಾದ ಫುಜಿಯಾನ್ ಪ್ರಾಂತ್ಯದ ಫುಝೌ ನಗರದ ಸುತ್ತಮುತ್ತಲಿನವರು ಇದೇ ದೋಷವನ್ನು ಗುಣವಾಗಿ ದುಡಿಸಿಕೊಂಡು ಶತಮಾನಗಳಿಂದ ಮಲ್ಲಿಗೆ ಚಹಾ ತಯಾರಿಸುತ್ತಿದ್ದಾರೆ. ಅಲ್ಲಿನ ಮಲ್ಲಿಗೆ ಮತ್ತು ಚಹಾದ ಕೃಷಿ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು. 2022ರಲ್ಲಿ ಯುನೆಸ್ಕೊ ಮಾನ್ಯ ಮಾಡಿದ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯ ಕೌಶಲಗಳಲ್ಲಿಯೂ ಈ ವಿಧಾನಕ್ಕೆ ಸ್ಥಾನವಿದೆ.

ಫುಝೌನಲ್ಲಿ ಬಳಸುವ ಹೂವು ಜಾಸ್ಮಿನಮ್ ಸಾಂಬ್ಯಾಕ್ ಎಂಬ ಜಾತಿಯದು. ಕಟಪಾಡಿ ಸಮೀಪದ ಶಂಕರಪುರದಲ್ಲಿ ಬೆಳೆದು, ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ನಮ್ಮ ಉಡುಪಿ ಮಲ್ಲಿಗೆಯೂ ಇದೇ ಜಾತಿಗೆ ಸೇರಿದ್ದು. ಹೂವು ಇಲ್ಲಿಯೇ ಇದೆ, ಒಳ್ಳೆಯ ಹಸಿರು ಚಹಾ ನೀಲಗಿರಿಯ ಕೂನೂರಿನಿಂದ ಬರುತ್ತದೆ. ಹಾಗಿರುವಾಗ ಫುಝೌನ ಕ್ರಮವನ್ನು ಕರಾವಳಿಯ ಒಂದು ಮನೆಯ ಅಡುಗೆಕೋಣೆಯಲ್ಲಿ, ಇನ್ನೂರು ಗ್ರಾಂ ಚಹಾದ ಮಟ್ಟಿಗೆ, ಸಾಧ್ಯವಾದಷ್ಟು ನಿಷ್ಠೆಯಿಂದ ನಡೆಸಿ ನೋಡಬೇಕೆಂದು ಈ ಕೆಲಸಕ್ಕೆ ಕೈಹಾಕಿದೆ. ಮಲ್ಲಿಗೆ ಚಹಾ ತಯಾರಿಕೆ ಮೇಲ್ನೋಟಕ್ಕೆ ಹೂವಿನ ಕೆಲಸವೆಂದು ಕಂಡರೂ ನಿಜವಾಗಿ ಅದು ನೀರಿನ ಲೆಕ್ಕದ ಕೆಲಸ. ಆದ್ದರಿಂದಲೇ ಇದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಸಲಕರಣೆ ಒಂದು ಗ್ರಾಂವರೆಗೆ ನಿಖರವಾಗಿ ತೂಗುವ ಡಿಜಿಟಲ್ ತಕ್ಕಡಿ.

ಪರಿಮಳದ ಚಹಾ ಎಂದು ಅಂಗಡಿಯಲ್ಲಿ ಸಿಗುವುದೆಲ್ಲ ಒಂದೇ ದಾರಿಯಲ್ಲಿ ಬಂದದ್ದಲ್ಲ. ತಯಾರಾದ ಎಲೆಯ ಮೇಲೆ ಸುಗಂಧ ತೈಲವನ್ನೋ ಎಸೆನ್ಸನ್ನೋ ಸಿಂಪಡಿಸಿ ಕಲಸುವುದು ಒಂದು ದಾರಿ. ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ಬರ್ಗಮಾಟ್ ಎಂಬ ಕಿತ್ತಳೆ ಕುಲದ ಹಣ್ಣಿನ ಸಿಪ್ಪೆಯ ಎಣ್ಣೆ ಸೇರಿಸಿದ ಅರ್ಲ್ ಗ್ರೇ ಚಹಾ ಇದಕ್ಕೆ ಪ್ರಸಿದ್ಧ ಉದಾಹರಣೆ. ಏಲಕ್ಕಿ, ಒಣಶುಂಠಿ, ನಿಂಬೆಹುಲ್ಲು, ಕಿತ್ತಳೆ ಸಿಪ್ಪೆಯಂಥ ಒಣ ಪದಾರ್ಥಗಳನ್ನು ಎಲೆಯೊಂದಿಗೆ ಬೆರೆಸಿಡುವುದು ಇನ್ನೊಂದು ದಾರಿ. ತಾಜಾ ಹೂವನ್ನು ಎಲೆಯೊಂದಿಗೆ ಒಂದು ರಾತ್ರಿ ಕೂಡಿಸಿಟ್ಟು, ಪರಿಮಳ ಎಲೆಗೆ ಇಳಿದ ಮೇಲೆ ಹೂವನ್ನು ತೆಗೆದುಹಾಕುವುದು ಮೂರನೆಯದು. ಮೊದಲನೆಯ ದಾರಿಯನ್ನು ನಾನು ಹಿಡಿಯಲಿಲ್ಲ. ಅಗರಬತ್ತಿಗೂ ಸೋಪಿಗೂ ಬಳಸುವ ಮಲ್ಲಿಗೆ ಎಣ್ಣೆ ತಿನ್ನಲು ಯೋಗ್ಯವಾದದ್ದಲ್ಲ. ತಿನ್ನಲು ಯೋಗ್ಯವೆಂದು ನಮೂದಿಸಿದ ಎಸೆನ್ಸ್ ಸಿಕ್ಕರೂ ಅದರಲ್ಲಿ ಬರುವುದು ಒಂದೇ ಸಮನಾದ, ಮೂಗಿಗೆ ರಾಚುವ ಸಿಹಿ ವಾಸನೆ.

ಹೂವಿನ ಸ್ವಭಾವ

ಮಲ್ಲಿಗೆಯ ವಿಷಯದಲ್ಲಿ ಮೊದಲು ತಿಳಿದಿರಬೇಕಾದದ್ದು ಅದರ ಪರಿಮಳ ಹುಟ್ಟುವ ಸಮಯ. ಗುಲಾಬಿಯ ಮತ್ತು ಸಂಪಿಗೆಯ ದಳಗಳಲ್ಲಿ ಸುಗಂಧ ಮೊದಲೇ ತುಂಬಿಕೊಂಡಿರುತ್ತದೆ. ಹೂವು ಅರಳಿರಲಿ, ಬಿಡಲಿ, ದಳವನ್ನು ಹಿಸುಕಿದರೆ ವಾಸನೆ ಬರುತ್ತದೆ. ಮಲ್ಲಿಗೆಯ ಮೊಗ್ಗು ಹಾಗಲ್ಲ. ಬಿಗಿದ ಮೊಗ್ಗಿನಲ್ಲಿ ಪರಿಮಳ ಬಹಳ ಕಡಿಮೆ. ಸಂಜೆ ಕಳೆದು ಅದು ಬಿರಿಯುವ ಹೊತ್ತಿಗೆ ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಮೊದಲಾದ ಸುವಾಸನೆಯ ದ್ರವ್ಯಗಳು ಹೊರಬೀಳತೊಡಗಿ ರಾತ್ರಿಯಿಡೀ ಬರುತ್ತಿರುತ್ತವೆ. ಗಿಡದಿಂದ ಕಿತ್ತ ಮೇಲೂ ಹೂವು ಜೀವಂತವಾಗಿರುವಷ್ಟು ಕಾಲ ಈ ಕ್ರಿಯೆ ನಿಲ್ಲುವುದಿಲ್ಲ. ಉತ್ತರ ಪ್ರದೇಶದ ಸುಗಂಧ ತಯಾರಕರು ಎಳ್ಳಿನ ಪದರಗಳ ನಡುವೆ ಮಲ್ಲಿಗೆಯನ್ನು ಹರಡಿ, ಎಳ್ಳು ಪರಿಮಳ ಕುಡಿದ ಮೇಲೆ ಅದನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆಯುತ್ತಿದ್ದದ್ದಕ್ಕೆ ಆಧಾರ ಇದೇ. ಒಣಗಿಸಿದ ಮಲ್ಲಿಗೆಯನ್ನು ಚಹಾಕ್ಕೆ ಬೆರೆಸಿದರೆ ಹೆಚ್ಚೇನೂ ದಕ್ಕದಿರುವುದಕ್ಕೂ ಇದೇ ಕಾರಣ: ಕೊಡಬೇಕಾದದ್ದನ್ನು ಅದು ಹಿಂದಿನ ರಾತ್ರಿಯೇ ಕೊಟ್ಟು ಮುಗಿಸಿರುತ್ತದೆ.

ಉಡುಪಿಯ ಕಡೆ ಮಲ್ಲಿಗೆ ಮಾರಾಟವಾಗುವುದು ತೂಕದ ಲೆಕ್ಕದಲ್ಲಲ್ಲ. ಬೆಳಿಗ್ಗೆ ಬೇಗ ಕೊಯ್ದ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟಿದ ಹೂವು ಈ ಕೆಲಸಕ್ಕೆ ಹೊಂದುವುದಿಲ್ಲ. ನಾರನ್ನು ನೀರಿನಲ್ಲಿ ನೆನೆಸಿರುತ್ತಾರೆ, ಹೂವು ಬಾಡದಿರಲೆಂದು ಮೇಲಿಂದಲೂ ನೀರು ಚಿಮುಕಿಸಿರುತ್ತಾರೆ, ಬಿಡಿಸುವಾಗ ತೊಟ್ಟು ಮುರಿದು ದಳ ಕಂದುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿ ಕೀಟನಾಶಕದ್ದು. ಮೊಗ್ಗು ಕೊರೆಯುವ ಹುಳುವಿನ ಕಾಟಕ್ಕೆ ಔಷಧಿ ಹೊಡೆಯುವುದು ಮಲ್ಲಿಗೆ ಕೃಷಿಯಲ್ಲಿ ಸಾಮಾನ್ಯ. ಮುಡಿಯುವ ಹೂವಿಗೆ ಅದು ಅಷ್ಟಾಗಿ ಬಾಧಕವಲ್ಲದಿರಬಹುದು, ಕುಡಿಯುವ ಚಹಾಕ್ಕೆ ಖಂಡಿತ ಬಾಧಕ. ಆದ್ದರಿಂದ ಔಷಧಿ ಹೊಡೆಯದೆ ಹಿತ್ತಲಲ್ಲಿ ಕೆಲವು ಗಿಡಗಳನ್ನು ಸಾಕಿರುವ ಪಕ್ಕದ ಮನೆಯ ಅಕ್ಕನ ಬಳಿ, ಕಟ್ಟುವ ಮೊದಲೇ ಬಿಡಿ ಮೊಗ್ಗುಗಳನ್ನು ಕೊಡುವಂತೆ ಕೇಳಿಕೊಂಡೆ. ‘ಮುಡಿಯುವ ಹೂವನ್ನು ಕುಡಿಯುತ್ತೀರಾ?’ ಎಂದು ನಕ್ಕರಾದರೂ ಮಾರುಕಟ್ಟೆಯ ಅಂದಿನ ದರಕ್ಕಿಂತ ಕಡಿಮೆಗೇ ಕೊಟ್ಟರು. ಬೇಸಗೆಯಲ್ಲಿ ಹೂವು ಹೇರಳವಾಗಿ ದರ ಇಳಿದಿರುತ್ತದೆ. ಮಳೆ ಹಿಡಿದ ಮೇಲೆ ಇಳುವರಿ ಕುಸಿಯುತ್ತದೆ, ಗಾಳಿಯ ತೇವದಿಂದಾಗಿ ಚಹಾ ಒಣಗಿಸುವುದೂ ಕಷ್ಟವಾಗುತ್ತದೆ. ಎರಡೂ ದೃಷ್ಟಿಯಿಂದ ಈ ಕೆಲಸಕ್ಕೆ ಏಪ್ರಿಲ್, ಮೇ ತಿಂಗಳುಗಳೇ ಸೂಕ್ತ.

ಎಲೆಯ ಆಯ್ಕೆ ಮತ್ತು ಸಿದ್ಧತೆ

ದಿನನಿತ್ಯದ ಹಾಲಿನ ಚಹಾಕ್ಕೆ ಬಳಸುವ ಸಿ.ಟಿ.ಸಿ. ಪುಡಿ ಇಲ್ಲಿ ಪ್ರಯೋಜನಕ್ಕೆ ಬಾರದು. ಅದರ ಕಡು ಬಣ್ಣವೂ ಒಗರೂ ಮಲ್ಲಿಗೆಯನ್ನು ಮುಚ್ಚಿಬಿಡುತ್ತವೆ. ಅಲ್ಲದೆ ಹೂವಿನ ತೇವಕ್ಕೆ ಆ ಸಣ್ಣ ಕಾಳುಗಳು ದಳಗಳಿಗೆ ಅಂಟಿಕೊಂಡು ಬೇರ್ಪಡಿಸಲು ಬಾರದಂತಾಗುತ್ತವೆ. ನಾನು ಆರಿಸಿಕೊಂಡದ್ದು ನೀಲಗಿರಿಯ ಸಾಧಾರಣ ದರ್ಜೆಯ ಹಸಿರು ಚಹಾ, ಅದೂ ಸ್ವಂತ ಪರಿಮಳ ಹೆಚ್ಚಿಲ್ಲದ್ದು. ಬಹಳ ದುಬಾರಿಯ ಎಲೆಗೆ ಹೂವಿನ ವಾಸನೆ ಹಿಡಿಸುವುದು ಎಲೆಗೂ ಹಣಕ್ಕೂ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಎಲೆಯನ್ನು ಮೊದಲು ಎರಡು ಜರಡಿಗಳಲ್ಲಿ ಹಾಯಿಸಿದೆ. ಸಣ್ಣ ಕಣ್ಣಿನ ಜರಡಿಯಲ್ಲಿ ದೂಳು ಉದುರಿಹೋಯಿತು. ದೊಡ್ಡ ಕಣ್ಣಿನ ಜರಡಿಯ ಮೇಲೆ ಉಳಿದ ಉದ್ದನೆಯ ಎಲೆಗಳನ್ನು ಬೇರೆ ಇಟ್ಟೆ. ಈ ಎರಡನೆಯ ಜರಡಿಯೇ ಮರುದಿನ ಬೆಳಿಗ್ಗೆ ಹೂವನ್ನು ಬೇರ್ಪಡಿಸಬೇಕಾದ್ದರಿಂದ, ಅದರ ಕಣ್ಣಿನಲ್ಲಿ ಇಳಿಯುವ ಎಲೆಯನ್ನಷ್ಟೇ ಬಳಸುವುದು ಅಗತ್ಯ. ಹೀಗೆ ಸಿಕ್ಕ 200 ಗ್ರಾಂ ಎಲೆಯನ್ನು ಓವನ್ನಿನ ತಟ್ಟೆಯಲ್ಲಿ ತೆಳುವಾಗಿ ಹರಡಿ, 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಲು ಗಂಟೆ ಇಟ್ಟಾಗ ತೂಕ 194 ಗ್ರಾಂಗೆ ಇಳಿಯಿತು. ಆರು ಗ್ರಾಂ ನೀರು ಹೋದದ್ದು ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ಕರಾವಳಿಯ ಹವೆಯಲ್ಲಿ ತೆರೆದಿಟ್ಟ ಚಹಾ ತಾನಾಗಿಯೇ ಕುಡಿದುಕೊಂಡ ಈ ತೇವ ಇರುವವರೆಗೆ ಹೂವಿನಿಂದ ಬರುವ ತೇವಕ್ಕೆ ಅಷ್ಟರ ಮಟ್ಟಿಗೆ ಎಡೆಯಿಲ್ಲ. ಒಣಗಿದ ಎಲೆ ಬೆರಳುಗಳ ನಡುವೆ ಪುಡಿಯಾಗಬೇಕು, ಬಾಗಬಾರದು. ಅನಂತರ ಅದನ್ನು ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿಟ್ಟು ಸಂಪೂರ್ಣ ತಣಿಯಲು ಬಿಟ್ಟೆ. ಬಿಸಿ ಎಲೆಯ ಮೇಲೆ ಹೂವು ಹಾಕಿದರೆ ಹೂವು ಬೇಯುತ್ತದೆ, ಬೆಂದ ಹೂವಿನ ವಾಸನೆ ಪಲ್ಯದ ಸೊಪ್ಪನ್ನು ನೆನಪಿಸುತ್ತದೆ.

ಮೊದಲ ರಾತ್ರಿ

ಬೆಳಿಗ್ಗೆ ತಂದ ಮೊಗ್ಗುಗಳನ್ನು ಮೊರದಲ್ಲಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಇಟ್ಟಿದ್ದೆ. ಫ್ರಿಜ್ಜಿನಲ್ಲಿಟ್ಟರೆ ಮೊಗ್ಗು ತಾಜಾ ಕಂಡರೂ ಸಂಜೆ ಸರಿಯಾಗಿ ಬಿರಿಯುವುದಿಲ್ಲ. ಈ ಹೂವಿಗೆ ಅರಳಲು 30 ಡಿಗ್ರಿಗಿಂತ ಮೇಲಿನ ಬೆಚ್ಚಗಿನ ಹವೆ ಬೇಕು. ಹಳದಿಯಾದವನ್ನು, ಹಿಂದಿನ ದಿನವೇ ಅರಳಿದವನ್ನು, ಹುಳು ತೂತು ಮಾಡಿದವನ್ನು ಆರಿಸಿ ತೆಗೆದೆ, ಹಸಿರು ತೊಟ್ಟುಗಳನ್ನು ಚಿವುಟಿದೆ. ಸಂಜೆ ಮೊಗ್ಗುಗಳನ್ನು ಒಟ್ಟುಮಾಡಿ ಗುಡ್ಡೆ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹರಡಿ, ಪುನಃ ಗುಡ್ಡೆ ಹಾಕಿದೆ. ಗುಡ್ಡೆಯಲ್ಲಿ ಹೂವಿನ ಉಸಿರಾಟದಿಂದಲೇ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ಮೊಗ್ಗುಗಳೆಲ್ಲ ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ಬಿರಿಯುತ್ತವೆ. ಹತ್ತರಲ್ಲಿ ಎಂಟು ಮೊಗ್ಗುಗಳ ತುದಿ ತೆರೆದು, ದಳಗಳು ಇನ್ನೂ ಪೂರ್ತಿ ಮಲಗದೆ ಮೇಲ್ಮುಖವಾಗಿ ನಿಂತಿರುವ ಹಂತವನ್ನು ಚೀನಾದ ಕೆಲಸಗಾರರು ಹುಲಿಯುಗುರಿನ ಆಕಾರವೆನ್ನುತ್ತಾರೆ. ಬೆರೆಸಲು ಅದೇ ಮುಹೂರ್ತ. ನನ್ನ ಮೊರದಲ್ಲಿ ಅದು ಬಂದದ್ದು ರಾತ್ರಿ ಊಟದ ಹೊತ್ತಿಗೆ.

ಅಗಲವಾದ ಸ್ಟೀಲ್ ಪಾತ್ರೆಯ ತಳಕ್ಕೆ ಎಲೆ, ಅದರ ಮೇಲೆ ಹೂವು, ಮತ್ತೆ ಎಲೆ ಎಂದು ಪದರ ಹಾಕಿ 100 ಗ್ರಾಂ ಹೂವನ್ನು ಮುಗಿಸಿ, ಕೈಯಿಂದ ಹಗುರವಾಗಿ ಒಮ್ಮೆ ತಿರುವಿ, ಮೇಲೆ ಎಲೆಯ ತೆಳು ಹೊದಿಕೆ ಹಾಸಿದೆ. ತೆರೆದ ಹೂವಿನ ಪರಿಮಳ ಗಾಳಿಗೆ ಹೋಗದೆ ಆ ಹೊದಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಪಾತ್ರೆಗೆ ಬಿಗಿಯಾದ ಮುಚ್ಚಳ ಹಾಕುವಂತಿಲ್ಲ. ಹೂವು ಉಸಿರಾಡುತ್ತಿರುತ್ತದೆ, ಗಾಳಿ ಸಿಗದಿದ್ದರೆ ಹುಳಿಯತೊಡಗಿ ಹೆಂಡದ ವಾಸನೆ ಬರುತ್ತದೆ. ಒಗೆದು ಒಣಗಿಸಿದ, ಸೋಪಿನ ವಾಸನೆಯಿಲ್ಲದ ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಕಟ್ಟಿದೆ. ಕಾರ್ಖಾನೆಗಳ ದೊಡ್ಡ ರಾಶಿಯಲ್ಲಿ ಬಿಸಿ 45 ಡಿಗ್ರಿಯ ಆಸುಪಾಸಿಗೆ ಏರುವುದರಿಂದ ನಡುರಾತ್ರಿಯಲ್ಲಿ ರಾಶಿಯನ್ನು ಕೆದಕಿ, ಹರಡಿ, ತಣಿಸಿ ಪುನಃ ಕೂಡಿಸುತ್ತಾರೆ. ಮನೆಯ ಪಾತ್ರೆಯಲ್ಲಿ ಥರ್ಮಾಮೀಟರು ತೋರಿಸಿದ್ದು ಕೋಣೆಯ ಶಾಖಕ್ಕಿಂತ ನಾಲ್ಕೇ ಡಿಗ್ರಿ ಹೆಚ್ಚು. ತಣಿಸುವ ಅಗತ್ಯ ಬೀಳಲಿಲ್ಲವಾದರೂ ಗಾಳಿ ಆಡಲೆಂದು ಮಲಗುವ ಮೊದಲು ಒಮ್ಮೆ ಮೇಲೆ ಕೆಳಗೆ ಮಾಡಿದೆ.

ಬೆಳಿಗ್ಗೆ ಹೂವು ಬಾಡಿ, ಬಿಳಿ ಹೋಗಿ ಕಂದು ಛಾಯೆಗೆ ತಿರುಗಿತ್ತು. ಎಲೆ ಮೆತ್ತಗಾಗಿ ಬಾಗುತ್ತಿತ್ತು. ಇನ್ನಷ್ಟು ಪರಿಮಳ ಸಿಗಲೆಂದು ಮಧ್ಯಾಹ್ನದವರೆಗೆ ಬಿಡುವ ಆಸೆಯಾಗುತ್ತದೆ, ಆದರೆ ಸತ್ತ ಹೂವು ಕೊಡುವುದು ಕೊಳೆತ ವಾಸನೆಯನ್ನು ಮಾತ್ರ. ಜರಡಿ ಹಿಡಿದು ಹೂವನ್ನು ತೆಗೆದು ತೂಗಿದಾಗ ಎಲೆ 218 ಗ್ರಾಂ ಇತ್ತು. ಹೂವಿನಿಂದ ಎಲೆಗೆ ಬಂದ ನೀರು, ಅಲ್ಲಿಗೆ, 24 ಗ್ರಾಂ. ಈ ಒದ್ದೆ ಎಲೆಯ ವಾಸನೆ ಮನಸೋಲಿಸುವಂತಿರುತ್ತದೆ, ಆದರೆ ಹಾಗೆಯೇ ಡಬ್ಬಿಗೆ ತುಂಬಿದರೆ ಬೂಸು ಹಿಡಿಯುವುದು ಖಚಿತ.

ಒಣಗಿಸುವಿಕೆ

ಇಡೀ ಕೆಲಸದಲ್ಲಿ ವಿವೇಚನೆ ಬೇಡುವ ಘಟ್ಟ ಇದು. ನೀರನ್ನು ಓಡಿಸುವ ಶಾಖವೇ ಪರಿಮಳವನ್ನೂ ಓಡಿಸುತ್ತದೆ. ಶಾಖ ಕಡಿಮೆ ಮಾಡಿ ಹೊತ್ತು ಹೆಚ್ಚಿಸಿದರೆ ಒದ್ದೆ ಎಲೆ ಬೆಚ್ಚಗೆ ಕುಳಿತು ಹಳದಿಗೆ ತಿರುಗಿ ರುಚಿ ಮಂಕಾಗುತ್ತದೆ. ಆದ್ದರಿಂದ ಕಾರ್ಖಾನೆಯವರು 100 ಡಿಗ್ರಿಗೂ ಮೇಲಿನ ಬಿಸಿಗಾಳಿಯಲ್ಲಿ ಸ್ವಲ್ಪವೇ ಹೊತ್ತು ಒಣಗಿಸಿ ಮುಗಿಸುತ್ತಾರೆ. ಮನೆಯ ಓವನ್ನಿನಲ್ಲಿ ಗಾಳಿಯ ಓಟ ಅಷ್ಟಿಲ್ಲದ್ದರಿಂದ 90 ಡಿಗ್ರಿಯಲ್ಲಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಆವಿ ಹೊರಹೋಗಲು ಸಂದು ಬಿಟ್ಟು, ಎಲೆಯನ್ನು ಒಂದೇ ಪದರದಲ್ಲಿ ಹರಡಿ ಎರಡು ಕಂತಿನಲ್ಲಿ ಒಣಗಿಸಿದೆ. ಪ್ರತಿ ಐದು ನಿಮಿಷಕ್ಕೊಮ್ಮೆ ತಟ್ಟೆಯನ್ನು ಹೊರತೆಗೆದು ಎಲೆ ಕೆದಕಿ ತೂಗುತ್ತಿದ್ದೆ. 194ಕ್ಕೆ ಇಳಿಸದೆ 197ರಲ್ಲಿಯೇ ನಿಲ್ಲಿಸಿದೆ, ಏಕೆಂದರೆ ಕೊನೆಯ ಆ ಮೂರು ಗ್ರಾಂ ನೀರಿನ ಜೊತೆ ಹೋಗುವ ಪರಿಮಳ ಅದಕ್ಕಿಂತ ಬೆಲೆಯುಳ್ಳದ್ದು. ಬಿಸಿಲಿನಲ್ಲಿ ಒಣಗಿಸುವ ಸಲಹೆ ಹಲವರು ಕೊಡುತ್ತಾರೆ. ಬಿಸಿಲು ಹಸಿರು ಚಹಾದ ಬಣ್ಣವನ್ನೂ ಸುವಾಸನೆಯನ್ನೂ ಕೆಡಿಸುವುದರಿಂದ ಅದನ್ನು ನಾನು ಒಪ್ಪುವುದಿಲ್ಲ.

ಓವನ್ನಿನಿಂದ ಹೊರಬಂದ ಎಲೆಯನ್ನು ಮೂಸಿದರೆ ಮಲ್ಲಿಗೆ ಬಹುಮಟ್ಟಿಗೆ ಹಾರಿಹೋದಂತೆ ಅನಿಸುತ್ತದೆ. ತಣಿಸಿ, ಡಬ್ಬಿಯಲ್ಲಿ ಮುಚ್ಚಿ ಕೆಲವು ದಿನ ಬಿಟ್ಟ ಮೇಲೆ ತೆರೆದಾಗ ಒಳಗಿದ್ದದ್ದು ಮೇಲೆ ಬಂದಿರುತ್ತದೆ, ಆದರೂ ಒಂದು ರಾತ್ರಿಯ ಹೂವಿನಿಂದ ಬರುವುದು ಮೇಲ್ಮೇಲಿನ ವಾಸನೆ ಮಾತ್ರ: ಲೋಟದ ಆವಿಯಲ್ಲಿ ಅದು ಸಿಗುತ್ತದೆ, ನಾಲಗೆಯ ಮೇಲೆ ಸಿಗುವುದಿಲ್ಲ. ಹೀಗಾಗಿಯೇ ಒಳ್ಳೆಯ ಮಲ್ಲಿಗೆ ಚಹಾಕ್ಕೆ ಹಲವು ಸುತ್ತು ಹೊಸ ಹೂವು ಕೊಡುತ್ತಾರೆ. ಎರಡನೆಯ ಸುತ್ತಿನಲ್ಲಿ 80 ಗ್ರಾಂ ಹೂವಿಗೆ ಎಲೆ 216 ಗ್ರಾಂವರೆಗೆ ಏರಿತು, ಅದನ್ನು 196ಕ್ಕೆ ಇಳಿಸಿದೆ. ಮೂರನೆಯ ಸುತ್ತಿಗೆ 60 ಗ್ರಾಂ ಹೂವು. 209ಕ್ಕೆ ಏರಿದ ಎಲೆಯನ್ನು 193ಕ್ಕೆ ತಂದೆ. ಪ್ರತಿ ಸಲ ದಳಗಳಿಗೆ ಅಂಟಿ ಸ್ವಲ್ಪ ಎಲೆ ನಷ್ಟವಾಗುತ್ತದೆಂಬುದನ್ನೂ ಈ ಅಂಕಿಗಳಲ್ಲಿ ಸೇರಿಸಿ ಓದಬೇಕು. ಕೊನೆಯಲ್ಲಿ 15 ಗ್ರಾಂ ಅತ್ಯುತ್ತಮ ಹೂವನ್ನು ಕೆಲವೇ ಗಂಟೆ ಬೆರೆಸಿಟ್ಟು ಜರಡಿ ಹಿಡಿದು, ಪುನಃ ಒಣಗಿಸದೆ ಹಾಗೆಯೇ ತುಂಬಿಟ್ಟೆ. ತೂಕ 196 ಗ್ರಾಂ ಆಯಿತು. ಅಷ್ಟು ತೇವಕ್ಕೆ ಬೂಸಿನ ಭಯವಿಲ್ಲ, ಮತ್ತು ಶಾಖ ತಗಲದ ಈ ಕೊನೆಯ ಪರಿಮಳವೇ ಡಬ್ಬಿ ತೆರೆದೊಡನೆ ಮೂಗಿಗೆ ಬರುವುದು.

ಮೊದಲ ಸುತ್ತಿನಲ್ಲಿ ಒಂದು ಸಣ್ಣ ಪಾಲಿಗೆ ಬಿಳಿ ಸಂಪಿಗೆಯ ಎರಡು ಹೂವುಗಳ ದಳವನ್ನೂ ಸೇರಿಸಿದ್ದೆ. ಮಲ್ಲಿಗೆಯ ಅಡಿಯಲ್ಲಿ ದಪ್ಪನೆಯ ಆಧಾರ ಸಿಗಲೆಂದು ಚೀನಾದಲ್ಲಿಯೂ ಹೀಗೆ ಅತ್ಯಲ್ಪ ಪ್ರಮಾಣದಲ್ಲಿ ಸಂಪಿಗೆ ಬಳಸುತ್ತಾರೆ, ಅದು ತಾನೇ ಎದ್ದು ಕಂಡರೆ ದೋಷವೆಂದು ಎಣಿಸುತ್ತಾರೆ. ನನ್ನ ಪಾಲಿನಲ್ಲಿ ಸಂಪಿಗೆ ಎದ್ದು ಕಂಡಿತು. ಅಷ್ಟು ಎಲೆಗೆ ಎರಡು ದಳ ಸಾಕಿತ್ತು. ಇನ್ನೊಂದು ಪಾಲಿನಲ್ಲಿ ಹೋಲಿಕೆಗೆಂದೇ ಬಾಡಿದ ಹೂವನ್ನು ತೆಗೆಯದೆ ಎಲೆಯೊಂದಿಗೆ ಒಣಗಿಸಿದೆ. ನೋಟಕ್ಕೆ ಅದು ಸೊಗಸು, ಅಂಗಡಿಯ ಪೊಟ್ಟಣಗಳಲ್ಲಿ ಒಣ ಹೂವು ಕಾಣುವುದೂ ಬಹುಪಾಲು ಈ ಅಂದಕ್ಕಾಗಿಯೇ; ಕುಡಿದಾಗ ಕಹಿಯೂ ಒಣಹುಲ್ಲಿನ ರುಚಿಯೂ ಸೇರಿಕೊಂಡಿತ್ತು.

ಬೇರ್ಪಡಿಸಿದ್ದ ಉದ್ದನೆಯ ಎಲೆಗಳನ್ನು ಒಣ ಬೆರಕೆಗೆ ಉಪಯೋಗಿಸಿದೆ. ನೆರಳಿನಲ್ಲಿ ಒಣಗಿಸಿದ ನಿಂಬೆಹುಲ್ಲನ್ನು ಎಲೆಯಷ್ಟೇ ಉದ್ದಕ್ಕೆ ಕತ್ತರಿಸಿ, ಏಲಕ್ಕಿಯನ್ನು ಸಿಪ್ಪೆ ಸಹಿತ ಜಜ್ಜಿ ಸೇರಿಸಿದರೆ ಸಾಕು. ತುಂಡುಗಳ ಗಾತ್ರ ಒಂದಕ್ಕೊಂದು ಹತ್ತಿರವಿಲ್ಲದಿದ್ದರೆ ಸಣ್ಣವು ಡಬ್ಬಿಯ ತಳಕ್ಕೆ ಇಳಿದು, ಮೊದಲ ಲೋಟಕ್ಕೂ ಕೊನೆಯ ಲೋಟಕ್ಕೂ ಸಂಬಂಧವೇ ಇಲ್ಲದಂತಾಗುತ್ತದೆ. ಇಲ್ಲಿ ಪರಿಮಳ ಎಲೆಗೆ ಇಳಿಯುವುದನ್ನು ಕಾಯಬೇಕಾಗಿಲ್ಲ. ನೀರು ಬಿದ್ದಾಗ ಪ್ರತಿಯೊಂದೂ ತನ್ನ ಪಾಲನ್ನು ಬಿಡುತ್ತದೆ.

ಕುಡಿಯುವ ಕ್ರಮ

ಮಲ್ಲಿಗೆ ಚಹಾವನ್ನು ಕುದಿಸಬಾರದು. 3 ಗ್ರಾಂ ಎಲೆಗೆ 180 ಮಿಲಿಲೀಟರ್ ನೀರು, ನೀರಿನ ಬಿಸಿ 80 ಡಿಗ್ರಿಯ ಸುಮಾರಿಗೆ, ಹೊತ್ತು ಎರಡೂವರೆ ನಿಮಿಷ. ನನಗೆ ಹಿಡಿಸಿದ ಅಳತೆ ಇದು. ಥರ್ಮಾಮೀಟರು ಇಲ್ಲದವರು ಮೂರು ಪಾಲು ಕುದಿವ ನೀರಿಗೆ ಒಂದು ಪಾಲು ಸಾಮಾನ್ಯ ತಣ್ಣೀರು ಬೆರೆಸಿದರೆ ಹೆಚ್ಚು ಕಡಿಮೆ ಆ ಬಿಸಿ ಸಿಗುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಬಣ್ಣ ಕಪ್ಪಾಗಿ ಪರಿಮಳ ಅಡಗುವುದರಿಂದ ಬಾವಿಯ ಮೆದು ನೀರೋ ಶೋಧಿಸಿದ ನೀರೋ ಉತ್ತಮ. ಮುಚ್ಚಳವಿರುವ ಪಿಂಗಾಣಿ ಬಟ್ಟಲಿನಲ್ಲಿ ಮಾಡಿದರೆ, ಮುಚ್ಚಳ ತೆಗೆದು ಅದರ ಒಳಮೈಯನ್ನು ಮೂಸುವುದರಲ್ಲಿಯೇ ಅರ್ಧ ಸುಖವಿದೆ. ಹೂವಿನ ಸುವಾಸನೆ ಅಲ್ಲಿ ಸಾಂದ್ರವಾಗಿ ಕೂಡಿರುತ್ತದೆ. ಹಾಲು ಸೇರಿಸಿದರೆ ಹಾಲಿನ ಕೊಬ್ಬು ಈ ಸೂಕ್ಷ್ಮ ವಾಸನೆಯನ್ನು ಹಿಡಿದಿಟ್ಟುಕೊಂಡು ಹೊರಬಿಡದು. ಸಕ್ಕರೆ ಬೇಕೆನ್ನುವವರಿಗೆ ನಾನು ತಡೆಯೊಡ್ಡುವುದಿಲ್ಲ, ಅರ್ಧ ಚಮಚದ ಮಿತಿಯಲ್ಲಿ ಅದು ಮಲ್ಲಿಗೆಯನ್ನು ಎತ್ತಿಯೇ ಹಿಡಿಯುತ್ತದೆ.

ಒಂದೇ ಸುತ್ತಿನ ಎಲೆ ಎರಡನೆಯ ಬಾರಿ ನೀರು ಹಾಕಿದಾಗ ಬರೀ ಹಸಿರು ಚಹಾ ಆಗಿಬಿಡುತ್ತದೆ. ಮೂರು ಸುತ್ತಿನದು ಮೂರನೆಯ ನೀರಿನಲ್ಲಿಯೂ ಹೂವನ್ನು ಉಳಿಸಿಕೊಂಡಿತ್ತು. ಹೂವು ಕೊಟ್ಟ ಅಕ್ಕನಿಗೆ ಎರಡನ್ನೂ ಹೆಸರು ಹೇಳದೆ ಕುಡಿಸಿದಾಗ ಮೂರು ಸುತ್ತಿನ ಲೋಟವನ್ನೇ ತಮ್ಮ ಗಿಡದ್ದೆಂದು ಗುರುತಿಸಿದರು, ಇನ್ನೊಂದನ್ನು ಪೇಟೆಯಿಂದ ತಂದದ್ದೇ ಎಂದು ಕೇಳಿದರು. ಉಳಿದ ಎಲೆಯನ್ನು 50 ಗ್ರಾಂನಂತೆ ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ ಬಾಯಿವರೆಗೆ ತುಂಬಿ, ಮುಚ್ಚಳದ ಸುತ್ತ ಟೇಪು ಸುತ್ತಿ, ಮಸಾಲೆ ಸಾಮಾನುಗಳಿಲ್ಲದ ಕಪಾಟಿನಲ್ಲಿ ಇಟ್ಟಿದ್ದೇನೆ. ದೊಡ್ಡ ಡಬ್ಬಿಯಲ್ಲಿ ಒಟ್ಟಿಗೆ ಇಟ್ಟರೆ ಮಳೆಗಾಲದಲ್ಲಿ ಪ್ರತಿ ಸಲ ಮುಚ್ಚಳ ತೆರೆದಾಗಲೂ ಎಲ್ಲ ಎಲೆಯೂ ತೇವ ಕುಡಿಯುತ್ತದೆ. ಹಾಗಾಗಿ ಒಂದು ಡಬ್ಬಿ ಮುಗಿದ ಮೇಲಷ್ಟೇ ಮತ್ತೊಂದರ ಟೇಪು ಬಿಚ್ಚುವುದು, ಬಿಚ್ಚಿದ ದಿನಾಂಕವನ್ನೂ ತೂಕವನ್ನೂ ಮುಚ್ಚಳದ ಮೇಲೆ ಬರೆಯುವುದು. ತೂಕ ಮೂರು ಗ್ರಾಂ ಏರಿದ ಡಬ್ಬಿಯ ಎಲೆಯನ್ನು 90 ಡಿಗ್ರಿಯಲ್ಲಿ ಐದು ನಿಮಿಷ ಒಣಗಿಸಿ ಬೇಗ ಕುಡಿದು ಮುಗಿಸಬೇಕು.